ಹಿಂಬದಿ ಕೋಣೆಯ ಬಾಗಿಲು

ನಕ್ಷೆಯ ಪ್ರಕಾರ ಪ್ರತಿ ಮನೆಗೆ ಬಿಸಿ ಕೊಡುವ ಎರಡು ಯಂತ್ರ ಹಾಕಬೇಕಿತ್ತು. ಮುಂದಿನ ಕೋಣೆಗೆ ಒಂದು, ಹಿಂಬದಿ ಕೋಣೆಗೆ ಒಂದು. ನಾವು ಒಂದೊಂದೇ ಹಾಕಿದೆವು. ಎರಡೂ ಹಾಕಿದ್ದೇವೆ ಎಂಬ ಕಾಗದಕ್ಕೆ ಸಹಿ ಮಾಡಿದವನು ನಾನು, ಗಾಸ್ಟನ್ ಪೆಲ್ಕಿ.

ಕಟ್ಟಡ ಇರುವುದು ಅಮೆರಿಕದ ಮೇಯ್ನ್ ರಾಜ್ಯದ ನಮ್ಮ ಗಿರಣಿ ಊರಿನಲ್ಲಿ, ನದಿಗೆ ಇಳಿಯುವ ಬೀದಿಯಲ್ಲಿ. ಮೂರು ಅಂತಸ್ತು, ಆರು ಮನೆ, ಎಲ್ಲ ಮರದ್ದು. ಕೆನಡಾದ ಫ್ರೆಂಚ್ ನಾಡು ಕ್ವಿಬೆಕ್‌ನಿಂದ ಗಿರಣಿ ಕೆಲಸಕ್ಕೆ ಇಳಿದು ಬಂದ ನಮ್ಮ ಹಿರಿಯರನ್ನು ತುಂಬಿಡಲು ಕಟ್ಟಿದ್ದು. ಆಮೇಲೆ ಗಿರಣಿ ಹೋಯಿತು, ಶೂ ಕಾರ್ಖಾನೆಯೂ ಹೋಯಿತು, ಕಟ್ಟಡ ಕೈಯಿಂದ ಕೈಗೆ ದಾಟಿ ಬಾಸ್ಟನ್ನಿನ ಯಾವುದೋ ಕಂಪನಿಯ ಪಾಲಾಯಿತು. ಒಳಗಿದ್ದವರು ಮಾತ್ರ ನಮ್ಮವರೇ.

ಅಂಥ ಮನೆಗಳಲ್ಲಿ ಬಿಸಿಗಾಳಿ ಹಾಯಿಸುವ ಡಕ್ಟ್ ಇರುವುದಿಲ್ಲ. ನೆಲಮಾಳಿಗೆಯಲ್ಲೊಂದು ಬಾಯ್ಲರ್, ಅಲ್ಲಿಂದ ಕೋಣೆಕೋಣೆಗೂ ಹಬೆ, ಪ್ರತಿ ಕಿಟಕಿಯ ಕೆಳಗೂ ಆ ಹಬೆಯಿಂದ ಕಾಯುವ ಎರಕದ ಕಬ್ಬಿಣದ ರೇಡಿಯೇಟರ್. ಬಾಯ್ಲರ್ ಮುದಿಯಾಗಿತ್ತು, ಎಣ್ಣೆ ಕುಡಿದು ಕುಡಿದು ಕೆಮ್ಮುತ್ತಿತ್ತು. ಡಕ್ಟ್ ಹಾಕಬೇಕೆಂದರೆ ಗೋಡೆ ಒಡೆಯಬೇಕು, ಛಾವಣಿ ಬಿಚ್ಚಬೇಕು. ಅದಕ್ಕೇ ನಮ್ಮಂಥವರನ್ನು ಕರೆಯುತ್ತಾರೆ. ಗೋಡೆಗೆ ಮೂರು ಇಂಚಿನ ಒಂದು ತೂತು, ಹೊರಗೊಂದು ಪೆಟ್ಟಿಗೆ, ಒಳಗೊಂದು ಪೆಟ್ಟಿಗೆ, ನಡುವೆ ತಾಮ್ರದ ಕೊಳವೆ. ಬೇಸಿಗೆಯಲ್ಲಿ ತಂಪು ಕೊಡುವ ಯಂತ್ರವೇ ಚಳಿಗಾಲದಲ್ಲಿ ಬಿಸಿ ಕೊಡುತ್ತದೆ. ಒಳ್ಳೆಯ ಯಂತ್ರ. ಇಪ್ಪತ್ತೆರಡು ವರ್ಷದಿಂದ ಹಾಕುತ್ತಿದ್ದೇನೆ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಅದು ತಾನಿರುವ ಕೋಣೆಯನ್ನು ಮಾತ್ರ ಬಿಸಿ ಮಾಡುತ್ತದೆ. ಮುಚ್ಚಿದ ಬಾಗಿಲನ್ನು ದಾಟಿ ಹೋಗಲು ಅದಕ್ಕೆ ದಾರಿಯಿಲ್ಲ.

ಮೂರನೇ ಅಂತಸ್ತಿನ ಎಡಗಡೆ ಮನೆ ಆಲ್ಮಾ ನಾಡೋ ಅವರದು. ಶೂ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಹತ್ತೊಂಬತ್ತು ವರ್ಷ ನನ್ನ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತವರು. ಅಮ್ಮ ಸತ್ತ ವಾರ ದಿನಕ್ಕೊಂದರಂತೆ ಹಂದಿಮಾಂಸದ ಕಡುಬು ಬೇಯಿಸಿ ತಂದುಕೊಟ್ಟವರು. ನಾನು ಅವರನ್ನು ಚಿಕ್ಕಮ್ಮ ಎನ್ನುತ್ತಿದ್ದೆ. ನನಗೆ ನಲವತ್ತೆಂಟಾದರೂ ಅವರ ಬಾಯಲ್ಲಿ ನಾನು ಮಗನೇ. ಹಿಂಬದಿ ಕೋಣೆಯಲ್ಲಿದ್ದದ್ದು ಅವರ ಅಣ್ಣ ಉಲ್ಡೆರಿಕ್. ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮನೆಯಲ್ಲಿ ದುಡಿದು ಶ್ವಾಸಕೋಶ ಕೊಟ್ಟು ಬಂದವರು. ಈಚೆಗೆ ಕಾಲೂ ಸೋತಿತ್ತು. ಹಾಸಿಗೆ, ರೇಡಿಯೊ, ಕಿಟಕಿ, ಅಷ್ಟೇ ಅವರ ಲೋಕ. ನಾಲಿಗೆ ಮಾತ್ರ ಸೋತಿರಲಿಲ್ಲ.

ಅಕ್ಟೋಬರಿನಲ್ಲಿ ಕೆಲಸ ಶುರು ಮಾಡಿದೆ. ಮುಂದಿನ ಕೋಣೆಯದು ಮುಗಿಸಿ ಹಿಂಬದಿ ಕೋಣೆಗೆ ಹೋಗಿ ಗೋಡೆ ಕೊರೆದೆ. ಪ್ಲಾಸ್ಟರು ಪುಡಿಪುಡಿಯಾಗಿ ಉದುರಿತು, ತೂತಿನಾಚೆ ನದಿ ಕಾಣಿಸಿತು. ಉಲ್ಡೆರಿಕ್ ದಿಂಬಿಗೊರಗಿ ನೋಡುತ್ತಿದ್ದರು.

"ಏನಯ್ಯಾ ಇದು, ಇಲಿಗೆ ಕಿಟಕಿ ಇಡ್ತಿದೀಯಾ?"

"ನಿಮಗೇ ಯಂತ್ರ, ಮಾಮ. ಇನ್ನು ಈ ಕೋಣೇಲಿ ಅಂಗಿ ಬಿಚ್ಚಿ ಮಲಗ್ತೀರಿ ನೋಡಿ."

"ಈ ಎದೆಗೂಡು ನೋಡೋ ಪುಣ್ಯ ಯಾರಿಗಿದೆಯೋ," ಎಂದು ನಕ್ಕು ಕೆಮ್ಮಿದರು.

ಅಷ್ಟರಲ್ಲಿ ನನ್ನ ಧಣಿ ಡ್ವೈಟ್ ಫೋನ್ ಮಾಡಿದ. ಆರೂ ಮನೆಗೆ ಒಂದೊಂದೇ ಸಾಕಂತೆ, ತೂತು ಮುಚ್ಚಬೇಕಂತೆ. ನಕ್ಷೆಯಲ್ಲಿ ಎರಡಿದೆಯಲ್ಲ ಎಂದೆ. ನಕ್ಷೆ ನಕ್ಷೆಯ ಪಾಡಿಗೆ ಇರಲಿ, ಸರ್ಕಾರದ ಸಹಾಯಧನಕ್ಕೆ ಎರಡೆರಡು ಎಂದೇ ಅರ್ಜಿ ಹೋಗಿದೆ, ಅದು ಕಂಪನಿಯವರ ವ್ಯವಹಾರ, ನಿನಗ್ಯಾಕೆ ತಲೆನೋವು ಎಂದ. ಡ್ವೈಟ್ ಕೆಟ್ಟ ಮಾತಾಡುವವನಲ್ಲ. ಬೆಣ್ಣೆ ಸವರಿದ ಹಾಗೆ ಹೇಳುತ್ತಾನೆ, ನಾವು ನುಂಗುತ್ತೇವೆ.

ತೂತಿಗೆ ಗಟ್ಟಿಯಾಗುವ ನೊರೆ ತುಂಬಿ ಪ್ಲಾಸ್ಟಿಕ್ ಮುಚ್ಚಳ ಹೊಡೆದೆ. ವೈರು ಹೊಂದುತ್ತಿಲ್ಲ ಎಂದು ಉಲ್ಡೆರಿಕ್‌ಗೆ ಸುಳ್ಳು ಹೇಳಿದೆ. ಅವರು ಮುಚ್ಚಳವನ್ನೇ ನೋಡುತ್ತ, ಪಾಪ ಇಲಿ ಎಂದರು.

ಕೆಲಸ ಮುಗಿದ ಮೇಲೆ ಮನೆಯವರನ್ನು ಕೂರಿಸಿ ಯಂತ್ರದ ಬಳಕೆ ಕಲಿಸಿಕೊಡುವುದು ನಮ್ಮ ಕಸುಬಿನ ಕ್ರಮ. ರಿಮೋಟ್ ಹೀಗೆ, ಜಾಲರಿ ತೊಳೆಯುವುದು ಹೀಗೆ, ಹಿಮ ಬಿದ್ದಾಗ ಹೊರಪೆಟ್ಟಿಗೆಯ ಸುತ್ತ ಕೆರೆದು ತೆಗೆಯಿರಿ. ಕೊನೆಯ ಮಾತು ಎಂದಿಗೂ ಒಂದೇ: ಒಳಬಾಗಿಲುಗಳನ್ನು ತೆರೆದಿಡಿ. ಈ ಸಲ ಅದನ್ನು ಹೇಳಬೇಡ ಎಂದಿದ್ದ ಡ್ವೈಟ್. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಇನ್ನೊಂದು ಯಂತ್ರ ಎಲ್ಲಿ ಎಂದು ಕೇಳುತ್ತಾರೆ. ನಾನು ಹೇಳಲಿಲ್ಲ. ಆಲ್ಮಾ ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ರಿಮೋಟಿನ ಒಂದೊಂದು ಗುಂಡಿಯನ್ನೂ ಪುಸ್ತಕದಲ್ಲಿ ಫ್ರೆಂಚಿನಲ್ಲಿ ಬರೆದುಕೊಂಡರು. ಕಾಫಿ ಕೊಟ್ಟರು, ಕಾಕಂಬಿಯ ಬಿಸ್ಕತ್ತು ಕೊಟ್ಟರು. ತಿಂದೆ.

ಅವರು ಬಾಗಿಲು ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ನಮ್ಮವರ ಮನೆಗಳಲ್ಲಿ ನವೆಂಬರ್ ಬಂತೆಂದರೆ ಬಾಗಿಲುಗಳು ಮುಚ್ಚುತ್ತವೆ. ಒಂದು ಒಲೆಯ ಬಿಸಿಯಲ್ಲಿ ಹನ್ನೊಂದು ಮಂದಿ ಚಳಿಗಾಲ ಕಳೆದ ಅಜ್ಜಿಯರು ಕಲಿಸಿದ ಪಾಠ. ನಾನು ಬಾಗಿಲು ಓರೆ ಬಿಟ್ಟಾಗಲೆಲ್ಲ ಅಮ್ಮ "ಬೀದಿಗೇನು ಬೆಂಕಿ ಕಾಯಿಸ್ತೀಯೇನೋ?" ಎಂದು ಗದರುತ್ತಿದ್ದಳು. ಬಾಗಿಲಡಿಗೆ ಹಳೆ ಬಟ್ಟೆ ಸುತ್ತಿ ತುರುಕುತ್ತಿದ್ದಳು. ಕೋಣೆಗೊಂದು ರೇಡಿಯೇಟರ್ ಇರುವವರೆಗೆ ಅದು ಜಾಣತನವೇ. ಬಾಗಿಲು ಹಾಕಿದರೆ ಬಿಸಿ ಒಳಗೇ ಉಳಿಯುತ್ತಿತ್ತು. ಈಗ ಅದೇ ಬಾಗಿಲು ಬಿಸಿಯನ್ನು ಹೊರಗೇ ಇಡುತ್ತದೆ. ಮೂರು ತಲೆಮಾರಿನ ಜಾಣತನವನ್ನು ಒಂದು ಮಧ್ಯಾಹ್ನದಲ್ಲಿ ಸಾವಿನ ದಾರಿ ಮಾಡಿ, ಬಿಸ್ಕತ್ತು ತಿಂದು, ನಾನು ಮೆಟ್ಟಿಲಿಳಿದೆ.

ನವೆಂಬರಿನಲ್ಲಿ ಕಂಪನಿಯ ಆಳುಗಳು ಬಂದು ರೇಡಿಯೇಟರುಗಳನ್ನು ಕೊಯ್ದು ಗುಜರಿಗೆ ಸಾಗಿಸಿದರು. ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿಯಿತು.

ಜನವರಿಯ ಕೊನೆಗೆ ಕೊರೆಯುವ ಚಳಿ ಬಂತು, ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ಒಂದು ಬೆಳಿಗ್ಗೆ ಪಕ್ಕದ ಊರಿನಲ್ಲಿ ಏಣಿಯ ಮೇಲಿದ್ದೆ, ಡ್ವೈಟ್ ಕೆಳಗೆ ಏಣಿ ಹಿಡಿದು ನಿಂತಿದ್ದ. ಫೋನ್ ಬಂತು.

"ಮಗಾ, ಮುಂದಿನ ಕೋಣೇಲಿ ನಾನು ಬೆವರ್ತಿದೀನಿ. ಹಿಂದೆ ಅಣ್ಣನ ಕೋಣೇಲಿ ಕಿಟಕಿ ಒಳಗಡೆ ಐಸ್ ಕಟ್ಟಿದೆ. ಆಫೀಸಿಗೆ ಫೋನ್ ಮಾಡಿದ್ರೆ ನಿನ್ನ ಕೇಳು ಅಂದ್ರು. ಬಾಗಿಲು ಭದ್ರವಾಗಿ ಹಾಕಿದೀನಪ್ಪ, ಅಡೀಲಿ ಕೌದಿನೂ ಒತ್ತಿದೀನಿ. ಆದ್ರೂ ಬಿಸಿ ನಿಲ್ತಾ ಇಲ್ಲ. ಇನ್ನೇನು ಮಾಡ್ಲಿ?"

ಬಾಗಿಲು ತೆಗೀರಿ. ಎರಡು ಪದ. ಬಾಯ ತನಕ ಬಂದಿದ್ದವು. ಕೆಳಗೆ ಡ್ವೈಟ್ ಮುಖ ಎತ್ತಿ ನೋಡುತ್ತಿದ್ದ.

"ಇನ್ನೊಂದು ನಾಕು ಅಂಕ ಏರಿಸಿ ನೋಡಿ, ಚಿಕ್ಕಮ್ಮ."

"ಸರಿ ಮಗಾ. ನಿನಗೆ ಗೊತ್ತಿರುತ್ತೆ."

ಸಂಜೆ ಹೋಗಿ ನೋಡಬಹುದಿತ್ತು. ನನ್ನ ಮನೆಯಿಂದ ನಾಲ್ಕು ಬೀದಿ. ಡ್ವೈಟ್‌ಗೆ ತಿಳಿಯದಂತೆ ಮತ್ತೆ ಫೋನ್ ಮಾಡಿ ಆ ಎರಡು ಪದ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ.

ಮೂರನೆಯ ಬೆಳಿಗ್ಗೆ ಚಿಕ್ಕಮ್ಮ ಕೂಗಿದರೆ ಉಲ್ಡೆರಿಕ್ ಸರಿಯಾಗಿ ಓಗೊಡಲಿಲ್ಲ. ಮೈ ಮರಗಟ್ಟಿತ್ತು, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಉಸಿರಿಗಾಗಿ ಎಳೆದಾಡಿ ಹೋದರು. ನೆಲ ಹೆಪ್ಪುಗಟ್ಟಿರುವಾಗ ನಮ್ಮಲ್ಲಿ ಗುಂಡಿ ತೋಡುವುದಿಲ್ಲ. ಸ್ಮಶಾನದ ಕಲ್ಲುಕೋಣೆಯಲ್ಲಿ ಪೆಟ್ಟಿಗೆ ಇಟ್ಟು ವಸಂತಕ್ಕೆ ಕಾಯುತ್ತೇವೆ. ತಣ್ಣನೆಯ ಒಂದು ಕೋಣೆಯಿಂದ ತಣ್ಣನೆಯ ಇನ್ನೊಂದು ಕೋಣೆಗೆ ಅವರನ್ನು ಹೊತ್ತವರಲ್ಲಿ ನಾನೂ ಒಬ್ಬ. ಚರ್ಚಿನ ಬಾಗಿಲಲ್ಲಿ ಆಲ್ಮಾ ಚಿಕ್ಕಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು.

"ನೀನು ಹೇಳಿದ ಹಾಗೇ ಏರಿಸಿದ್ದೆ ಮಗಾ. ಕೊನೇ ಅಂಕಕ್ಕೇ ಇಟ್ಟಿದ್ದೆ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರ್ಚಿನಲ್ಲಿ ಕಂಪನಿಯಿಂದ ಚಿಕ್ಕಮ್ಮನಿಗೆ ನೋಟೀಸು ಬಂತು. ಯಂತ್ರವನ್ನು ಸೂಚನೆಗೆ ವಿರುದ್ಧವಾಗಿ ಬಳಸಿದ್ದಾರೆ, ಬಾಗಿಲು ಮುಚ್ಚಿ ಕಟ್ಟಡಕ್ಕೂ ಜೀವಕ್ಕೂ ಅಪಾಯ ತಂದಿದ್ದಾರೆ, ಮನೆ ಖಾಲಿ ಮಾಡಬೇಕು. ಓದಿದವನಿಗೆ ಅಣ್ಣನನ್ನು ಕೊಂದವಳು ತಂಗಿಯೇ ಅನ್ನಿಸಬೇಕು, ಹಾಗೆ ಬರೆದಿತ್ತು. ಅವರು ಅದನ್ನೂ ನಂಬಿದರು. ಕೆಳಮನೆಯವರ ಹತ್ತಿರ, ನಾನೇ ಬಾಗಿಲು ಹಾಕಿದ್ದು ನಿಜ ತಾನೇ ಎಂದು ಅತ್ತರಂತೆ. ಏಪ್ರಿಲಿನಲ್ಲಿ ಕೋರ್ಟಿನ ವಿಚಾರಣೆ. ನಲವತ್ತೊಂದು ವರ್ಷ ಬಾಳಿದ ಮನೆ ಉಳಿಯುವುದೋ ಹೋಗುವುದೋ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು: ಬಾಗಿಲು ತೆರೆದಿಡಲು ಅವರಿಗೆ ಯಾರಾದರೂ ಹೇಳಿದ್ದರೇ?

ವಿಚಾರಣೆಗೆ ಎರಡು ದಿನ ಮೊದಲು ಡ್ವೈಟ್ ನನ್ನನ್ನು ಆಫೀಸಿಗೆ ಕರೆಸಿದ. ಒಳಗೆ ಬಂದೊಡನೆ ಎದ್ದು ಬಾಗಿಲು ಹಾಕಿದ. ಮೇಜಿನ ಮೇಲೆ ಒಂದು ಹಾಳೆ. ಕಂಪನಿಯ ವಕೀಲರು ಬರೆದು ಕಳಿಸಿದ್ದು, ನನ್ನ ಹೆಸರಿನಲ್ಲಿ. ಒಳಬಾಗಿಲುಗಳನ್ನು ಸದಾ ತೆರೆದಿಡಬೇಕೆಂದು ಬಾಡಿಗೆದಾರರಾದ ಆಲ್ಮಾ ನಾಡೋ ಅವರಿಗೆ ನಾನು ಅವರದೇ ಭಾಷೆಯಲ್ಲಿ ತಿಳಿಸಿ ಹೇಳಿದ್ದೇನೆ, ಅವರಿಗೆ ಅರ್ಥವಾಗಿದೆ.

ಅವರದೇ ಭಾಷೆಯಲ್ಲಿ. ನಮ್ಮ ಅಜ್ಜಂದಿರು ಶಾಲೆಯಲ್ಲಿ ಆ ಭಾಷೆ ಆಡಿದ್ದಕ್ಕೆ ಪೆಟ್ಟು ತಿಂದಿದ್ದರು. ಈಗ ಅದು ಬೇಕಾಗಿದೆ, ನಮ್ಮವರಿಗೆ ಸುಳ್ಳು ಹೇಳಲು. ಅದಕ್ಕೆ ನಮ್ಮವನೇ ಬೇಕು.

"ಎಲ್ಲರಿಗೂ ಹೇಳ್ತೀಯಲ್ಲ ಗಾಸ್ಟನ್," ಎಂದ ಡ್ವೈಟ್. "ಅವಳಿಗೂ ಹೇಳಿರ್ತೀಯ. ಮುದುಕಿ ಮರೆತಿರ್ತಾಳೆ."

"ಅವರು ಮರೆಯೋರಲ್ಲ. ಪುಸ್ತಕದಲ್ಲಿ ಬರ್ಕೊಂಡಿದಾರೆ. ನಾನು ಹೇಳಿದ್ದೆಲ್ಲ ಅದರಲ್ಲಿದೆ. ಬಾಗಿಲಿನ ಮಾತಿಲ್ಲ."

ಅವನು ಹಾಳೆಯನ್ನು ನೇರ ಮಾಡಿಟ್ಟ. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ ಎಲ್ಲ ಬಿಡಿಸಿ ಹೇಳಿದ. ಎರಡೆರಡು ಯಂತ್ರ ಇವೆ ಎಂಬ ಆರು ಕಾಗದಗಳ ಮೇಲೆ ಇರುವುದು ಅವನ ಸಹಿಯಲ್ಲ, ನನ್ನದು. ಈ ಹಾಳೆ ಹೋಗದಿದ್ದರೆ ಕೋರ್ಟಿನವರು ಮನೆ ನೋಡಲು ಬರುತ್ತಾರೆ, ಮುಚ್ಚಿದ ತೂತು ನೋಡುತ್ತಾರೆ, ಆ ಕಾಗದ ಹುಡುಕುತ್ತಾರೆ. ಆಮೇಲೆ ನನ್ನ ಲೈಸೆನ್ಸ್ ಉಳಿಯುವುದಿಲ್ಲ. ಈ ರಾಜ್ಯದಲ್ಲಿ ಯಾರೂ ನನ್ನ ಕೈಗೆ ಒಂದು ಸ್ಪ್ಯಾನರೂ ಕೊಡುವುದಿಲ್ಲ. ಮುದುಕಿಗೆ ಬೇರೆ ಮನೆ ಸಿಗುತ್ತದೆ, ನಿನಗೆ ಬೇರೆ ಕಸುಬು ಬರುತ್ತದೆಯೇ ಎಂದು ಕೇಳಿದ.

ಬರುವುದಿಲ್ಲ. ಅದು ನಿಜ. ಉಲ್ಡೆರಿಕ್ ಮಾಮ ಕಲ್ಲುಕೋಣೆಯಿಂದ ಎದ್ದು ಬರುವುದಿಲ್ಲ, ಅದೂ ನಿಜ. ಏಣಿಯ ಮೇಲೆ ನುಂಗಿದ ಎರಡು ಪದ ಈಗ ಹೇಳಿದರೆ ಕೇಳಿಸಿಕೊಳ್ಳಲು ಅವರಿಲ್ಲ.

ಡ್ವೈಟ್ ಮುಚ್ಚಳ ತೆಗೆದು ಪೆನ್ನನ್ನು ಹಾಳೆಯ ಮೇಲಿಟ್ಟು ನನ್ನ ಕಡೆ ಸರಿಸಿದ. ಹಾಕಿಬಿಡು, ಊಟಕ್ಕೆ ಹೋಗೋಣ ಎಂದ.

ನಾನು ಎದ್ದು ಹೋಗಿ ಅವನು ಹಾಕಿದ್ದ ಬಾಗಿಲನ್ನು ತೆರೆದೆ. ಹೊರಗೆ ಕೊಳವೆ ಕತ್ತರಿಸುತ್ತಿದ್ದವರು ತಲೆ ಎತ್ತಿದರು.

"ಮೊದಲಿನ ಆರಕ್ಕೂ ಸಹಿ ಹಾಕಿದೋನು ನಾನೇ ಅಂತ ಕೋರ್ಟಲ್ಲಿ ನಾನೇ ಹೇಳ್ತೀನಿ," ಎಂದೆ. "ಇದಕ್ಕೆ ಹಾಕಲ್ಲ."