ಸೀಸದ ಬೆಲ್ಟು

ಆ ಬಾಕ್ಸಿಂಗ್ ಶಾಲೆಯಲ್ಲಿ ಹೊಡೆತ ಯಾರಿಗೂ ಹೊಸದಲ್ಲ. ಬೆಳಿಗ್ಗೆ ಬಾಗಿಲು ತೆಗೆಯೋದೇ ತಡ, ಧಬಧಬ ಶುರು. ಒಬ್ಬನ ಮೂಗು ಒಡೀತು, ಇನ್ನೊಬ್ಬನ ಹುಬ್ಬು ಸೀಳ್ತು, ನೆಲದ ರಬ್ಬರ್ ಒರೆಸಿ ಮತ್ತೆ ಶುರು. ಗುರುವಿನ ನಿಜವಾದ ಹೆಸರು ಮಗಳೊಬ್ಬಳನ್ನು ಬಿಟ್ಟರೆ ಎಲ್ಲರಿಗೂ ಮರೆತೇ ಹೋಗಿತ್ತು. ಊರಿಗೆಲ್ಲ ಅವನು ಸುತ್ತಿಗೆ. ಅವನ ಎಡಗೈ ಎಷ್ಟು ದವಡೆ ಮುರಿದಿತ್ತೋ ದೇವರಿಗೇ ಗೊತ್ತು.

ಅಂಥವನ ದೊಡ್ಡ ಕರುಳಲ್ಲಿ ಕ್ಯಾನ್ಸರ್ ಗಡ್ಡೆ ಎದ್ದಿತು. ಡಾಕ್ಟರು ಕರುಳು ಕೊಯ್ದು ತುಂಡು ತೆಗೆದು ಮತ್ತೆ ಜೋಡಿಸಿದರು, ಆಮೇಲೆ ಕೀಮೋ ಹಾಕಿದರು. ತೂಕ ಇನ್ನೂ ಇಳಿದರೆ ಔಷಧಿ ನಿಲ್ಲಿಸಬೇಕಾಗುತ್ತೆ ಅಂತ ಎಚ್ಚರಿಸಿದರು. ಔಷಧಿ ನಿಂತರೆ ಅಪ್ಪ ಹೋದ ಹಾಗೇ, ಮಗಳಿಗೆ ಅಷ್ಟು ಅರ್ಥವಾಗಿತ್ತು.

ಆಸ್ಪತ್ರೆಯ ಆಹಾರ ತಜ್ಞೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. "ಸ್ವಲ್ಪ ಸ್ವಲ್ಪ, ಆದ್ರೆ ಮೇಲಿಂದ ಮೇಲೆ ತಿನ್ನಿ. ಮೊಟ್ಟೆ, ಮೀನು, ಮೊಸರು, ಮೆತ್ತಗೆ ಬೇಯಿಸಿದ ಅನ್ನ. ಕರುಳು ಈಗಷ್ಟೇ ಕೂಡ್ತಿದೆ, ಹಸಿ ಸೊಪ್ಪು, ಬೀಜ, ಸಿಪ್ಪೆ ಸದ್ಯಕ್ಕೆ ಬೇಡ. ಉಪವಾಸ ಮಾತ್ರ ಬೇಡವೇ ಬೇಡ. ಉಪವಾಸಕ್ಕೆ ಗಡ್ಡೆ ಸಾಯಲ್ಲ, ನೀವು ಸಾಯ್ತೀರ."

ಸುತ್ತಿಗೆ ಹೂಂ ಹೂಂ ಅಂತ ತಲೆ ಆಡಿಸಿದ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತೇನೋ! ಅವನು ಜೀವಮಾನವಿಡೀ ಮಾಡಿದ್ದು ಒಂದೇ. ಪಂದ್ಯ ಹತ್ತಿರ ಬಂತೋ, ಊಟ ಬಿಡು, ಬೆವರು ಹರಿಸು, ತೂಕ ಇಳಿಸು, ಹಸಿದ ಹುಲಿಯಾಗಿ ಕಣಕ್ಕಿಳಿ. ಈಗಿನ ಎದುರಾಳಿ ಹೊಟ್ಟೆಯೊಳಗೇ ಕೂತಿದ್ದಾನೆ, ಅಷ್ಟೇ ವ್ಯತ್ಯಾಸ ಅಂದುಕೊಂಡ. ನಾನು ತಿಂದರೆ ಅವನೂ ತಿಂತಾನೆ, ಅವನನ್ನು ಉಪವಾಸ ಕೆಡವಿ ಕೊಲ್ತೀನಿ ಅಂತ ಅವನ ಲೆಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಗಳು ಬಡಿಸಿಟ್ಟ ತಟ್ಟೆ ಖಾಲಿಯಾಗುತ್ತಿತ್ತು. ಕೆನ್ನೆ ಗುಳಿಬಿದ್ದಿತ್ತು, ಆದರೆ ಆಸ್ಪತ್ರೆಯ ತಕ್ಕಡಿ ಮಾತ್ರ ತೂಕ ಹಾಗೇ ಇದೆ ಅನ್ನುತ್ತಿತ್ತು. ಅವಳು ತಕ್ಕಡಿಯನ್ನೇ ನಂಬಿದಳು. ಹೋದ ಸಲದ ಔಷಧಿ ಅವನನ್ನು ಹಿಂಡಿ ಹಾಕಿತ್ತು. ಬಾಯೆಲ್ಲ ಹುಣ್ಣು, ವಾಂತಿಯಲ್ಲಿ ರಕ್ತ. ಈ ತೂಕದ ಮನುಷ್ಯನಿಗೆ ಈ ಔಷಧಿ ಇಷ್ಟು ಬಡಿಯಬಾರದಲ್ಲ ಅಂತ ಡಾಕ್ಟರೇ ತಲೆ ಕೆರೆದುಕೊಂಡಿದ್ದರು.

ಮತ್ತೆ ಔಷಧಿ ಹಾಕುವ ದಿನ ಬಂತು. ಆಸ್ಪತ್ರೆಗೆ ಹೊರಟವನು ಕಣದ ಪಕ್ಕ ನಿಂತು ಗೂಳಿಗೆ ಬೈಯತೊಡಗಿದ. ಗೂಳಿ ಅಂದರೆ ಅವನ ಶಿಷ್ಯ, ಬಾಗಿಲಲ್ಲಿ ಅಡ್ಡ ತಿರುಗಿ ನುಗ್ಗಬೇಕಾದಂಥ ಆಳು. "ಕೈ ಎತ್ತೋ, ಕತ್ತೆ! ಮುಖ ಏನು ಧರ್ಮಛತ್ರಾನಾ? ಬಂದವರೆಲ್ಲ ಹೊಡೆದು ಹೋಗೋಕೆ?" ಬೈಯುತ್ತಲೇ ತೂರಾಡಿದ. ಮಗಳು ಓಡಿ ಸೊಂಟ ಹಿಡಿದಳು. ಕೈಗೆ ಗಟ್ಟಿ ಲೋಹ ತಗುಲಿತು.

ಅಂಗಿ ಎತ್ತಿ ನೋಡಿದಳು. ಶಿಷ್ಯರು ಕಟ್ಟಿಕೊಂಡು ಓಡುವ ಸೀಸದ ಬೆಲ್ಟು! ಅದರ ಮೇಲ್ಗಡೆ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

"ಪ್ರತಿ ಸಲ ಇದನ್ನ ಕಟ್ಕೊಂಡೇ ತಕ್ಕಡಿ ಹತ್ತಿದ್ಯಾ?"

"ಬಿಡೇ ಕೈ."

"ಊಟ?"

"ಬೀದಿ ನಾಯಿಗಳು ದಪ್ಪ ಆಗಿವೆ, ನೋಡಿಲ್ವಾ?" ಅಂತ ನಕ್ಕ.

ಅವಳ ಮೈಯೆಲ್ಲ ಉರಿದುಹೋಯಿತು. "ತೂಕ ನೋಡಿ ಔಷಧಿ ಅಳೀತಾರೆ ಕಣಪ್ಪ! ಇಲ್ಲದ ಮೈಗೆ ವಿಷ ಹಾಕಿಸ್ಕೊಳ್ತಿದ್ದೀಯ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಬಿಚ್ಚು ಅದನ್ನ!"

ಸುತ್ತಿಗೆ ಎಲ್ಲರೆದುರೇ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಬಂತು. ಅವಳು ಒರೆಸಿಕೊಳ್ಳಲೂ ಇಲ್ಲ. ಬೆಲ್ಟಿಗೆ ಕೈ ಹಾಕಿ ಕಿತ್ತಳು, ಬೀಸಿ ಎಸೆದಳು. ಗೋಡೆಗನ್ನಡಿ ಪುಡಿಪುಡಿಯಾಯಿತು.

"ಹಿಡ್ಕೊಳೋ ಅವಳನ್ನ!" ಸುತ್ತಿಗೆ ಕಿರುಚಿದ. ಗೂಳಿ ಹಿಂದಿನಿಂದ ತಬ್ಬಿದ. ಅವಳ ಮೊಣಕೈ ಅವನ ಪಕ್ಕೆಗೆ ಹೊಕ್ಕಿತು, ತಿರುಗಿ ಹೊಟ್ಟೆಗೊಂದು ಕೊಟ್ಟಳು. ಗೂಳಿ ಅಯ್ಯಯ್ಯೋ ಅನ್ನುತ್ತಾ ಗಾಜಿನ ಚೂರಿನ ಮೇಲೇ ಕೂತುಬಿಟ್ಟ, ಪಾಪ.

ಅಷ್ಟರಲ್ಲಿ ಸುತ್ತಿಗೆಯ ಎಡಗೈ ಬಂತು. ಕೋಪಕ್ಕೆ ಬಂದದ್ದು, ನಿಜವಾಗಿ ಮುರಿಯಲಿಕ್ಕೇ ಬಂದದ್ದು. ಮಗಳು ಯೋಚಿಸಲಿಲ್ಲ. ಯೋಚಿಸಬಾರದು ಅಂತಲೇ ಅವನು ಅವಳಿಗೆ ಕಲಿಸಿದ್ದು. ತಲೆ ತಾನಾಗಿ ಬಗ್ಗಿತು, ಬಲಗೈ ತಾನಾಗಿ ಹೋಯಿತು. ಅವನ ದವಡೆ ಲಟಕ್ಕೆಂದಿತು.

ಅಪ್ಪ ಒಗೆದ ಬಟ್ಟೆಯಂತೆ ಕೆಳಗೆ ಬಿದ್ದ. "ಅಪ್ಪಾ!" ಅಂತ ಅವಳು ಎತ್ತಿಕೊಂಡಳು. ಒಬ್ಬಳೇ ಎತ್ತಿದಳು. ಅಷ್ಟು ಹಗುರವಾಗಿದ್ದ, ಅದಕ್ಕೇ ಅವಳಿಗೆ ಅಳು ಒತ್ತರಿಸಿ ಬಂತು.

ಆಸ್ಪತ್ರೆಯಲ್ಲಿ ಅವನನ್ನು ತೆಳು ಗೌನಿನಲ್ಲೇ ತೂಗಿದರು. ಮುಳ್ಳು ನಿಂತ ಜಾಗ ನೋಡಿ ಡಾಕ್ಟರ ಮುಖ ಬಿಳಿಚಿತು. ಹಳೆಯ ತೂಕ ನಂಬಿ ಇವತ್ತೂ ಔಷಧಿ ಹಾಕಿದ್ದರೆ ಆಳು ಉಳೀತಿದ್ದನೋ ಇಲ್ಲವೋ ಅಂದರು. ಮುರಿದ ದವಡೆಗೆ ತಂತಿ ಬಿಗಿದರು. ಮೈ ತುಂಬಿಕೊಳ್ಳುವವರೆಗೆ ಕೀಮೋ ಇಲ್ಲ ಅಂದರು.

ಆಹಾರ ತಜ್ಞೆ ಬಂದಳು. "ಯಾರು ಹೊಡೆದಿದ್ದು?"

"ನಾನೇ," ಅಂದಳು ಮಗಳು, ತಲೆ ತಗ್ಗಿಸಿ.

ತಜ್ಞೆ ಅವಳ ಒಡೆದ ತುಟಿ ನೋಡಿದಳು, ಸುತ್ತಿಗೆಯನ್ನು ನೋಡಿದಳು. ಬೈಯಲೂ ಇಲ್ಲ, ಭೇಷ್ ಅನ್ನಲೂ ಇಲ್ಲ. "ಅಗಿಯೋ ಹಾಗಿಲ್ಲ. ಗಟ್ಟಿ ಹಾಲು, ಸೋಸಿದ ಸೂಪು, ಪ್ರೋಟೀನ್ ಪುಡಿ ಕಲಸಿದ ಗಂಜಿ. ಎರಡೆರಡು ಗಂಟೆಗೆ, ಸ್ಟ್ರಾನಲ್ಲಿ," ಅಂದು ಲೋಟ ಕೈಗಿಟ್ಟು ಹೋದಳು.

ಮಗಳು ಸ್ಟ್ರಾ ಅವನ ತುಟಿಗೆ ಹಿಡಿದಳು. ಅವನು ಮುಖ ತಿರುಗಿಸಿದ.

"ಅಪ್ಪ, ಎಡಗಡೆ ಮಾತ್ರ ಮುರಿದಿದ್ದೀನಿ. ಬಲಗಡೆ ಇನ್ನೂ ಇದೆ." ಹೇಳುತ್ತಾ, ಹೊಡೆದ ಅದೇ ಕೈಯಲ್ಲಿ ಸ್ಟ್ರಾ ಮತ್ತೆ ಮುಂದೆ ಹಿಡಿದಳು.

ಅವನು ಆ ಕೈಯನ್ನೇ ನೋಡಿದ. ಸ್ಟ್ರಾಗೆ ಬಾಯಿ ತಂದ. ಒಂದು ಗುಟುಕು, ಇನ್ನೊಂದು ಗುಟುಕು. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಕಸಿದುಕೊಂಡು, ಉಸಿರು ಬಿಡದೆ, ಸೊರಸೊರ ಸದ್ದು ಬರುವ ತನಕ ಎಳೆದ. ಕಣ್ಣಿಂದ ನೀರು ಇಳಿದು ಗಲ್ಲದ ಪಟ್ಟಿ ಒದ್ದೆಯಾಯಿತು.

ಕಚ್ಚಿದ ಹಲ್ಲಿನ ಸಂದಿಯಿಂದ ಏನೋ ಅಂದ. ಅವಳು ಕಿವಿ ಹತ್ತಿರ ತಂದಳು.

"ತುಂಬಾ ಹಸಿವಾಗಿತ್ತು ಕಣೇ," ಅಂದ ಸುತ್ತಿಗೆ. "ದಿನಾ ಹಸಿವಾಗ್ತಿತ್ತು."