ಹನಗೋಡಿನ ರೈತ

"ಅವ್ನೇನಾ ಅತ್ತೆ?" ವಿಮಲಮ್ಮ ಎರಡನೇ ಸಲ ಕೇಳಿದಳು.

ಸೋದರತ್ತೆ ಚಿಕ್ಕಬಸಮ್ಮ ಒಂದು ಕಾಲಕ್ಕೆ ರಾಜಮನೆತನದವರು ಓಡಾಡಿದ ಮರದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗೋಡೆಯ ಚಿತ್ರವನ್ನೇ ನೋಡುತ್ತಿದ್ದಳು. ಕೆಳಗಿನ ಚೀಟಿಯಲ್ಲಿ 'ಹನಗೋಡಿನ ರೈತ' ಎಂದಷ್ಟೇ ಇತ್ತು. ಮೈಸೂರಿನ ಆ ಮ್ಯೂಸಿಯಂ ಐದಕ್ಕೆ ಮುಚ್ಚುತ್ತದೆ. ಕಾವಲಿನ ಮಹೇಶ್‌ಕುಮಾರ್ ಆಗಲೇ ಮೂರು ಕಿಟಕಿ ಹಾಕಿ ನಾಲ್ಕನೆಯದರ ಹತ್ತಿರ ಗಡಿಯಾರ ನೋಡುತ್ತ ನಿಂತಿದ್ದ. ಗೋಗರೆದು ಗೋಗರೆದು ವಿಮಲಮ್ಮ ಅವನಿಂದ ಒಂದೇ ಒಂದು ಫೋಟೋಗೆ ಒಪ್ಪಿಗೆ ಪಡೆದಿದ್ದಳು.

ಫೋಟೋ ಬೇಕಿದ್ದುದು ಹಿರೀಕರ ಹಬ್ಬಕ್ಕೆ. ಮನೆಯಲ್ಲಿ ತೀರಿಹೋದವರ ಪಟಗಳ ಮುಂದೆಲ್ಲ ಎಡೆ ಇಡುತ್ತಾರೆ. ವಿಮಲಮ್ಮನ ಅಪ್ಪ ಚಾಮಯ್ಯನಿಗೆ ಮಾತ್ರ ಪಟವಿಲ್ಲ, ಚೊಂಬಿಗೆ ಪಂಚೆ ಸುತ್ತಿ ಇಡುವುದು. ಅವಳು ತೊಟ್ಟಿಲಲ್ಲಿದ್ದಾಗಲೇ ಹೋದವನು. ಅದೇ ವರ್ಷ ಲಕ್ಷ್ಮಣತೀರ್ಥದ ದಡದಲ್ಲಿ ಯಾರೋ ಚಿತ್ರಗಾರ ಅವನನ್ನು ಕೂರಿಸಿಕೊಂಡು ಬರೆದನೆಂಬುದು ಊರಿಗೆಲ್ಲ ಗೊತ್ತು. ಆ ಮುಖ ಕಂಡವರಲ್ಲಿ ಈಗ ಉಳಿದವಳು ತಂಗಿ ಚಿಕ್ಕಬಸಮ್ಮ ಒಬ್ಬಳೇ.

ಕಣ್ಣಿನ ಪೊರೆ ತೆಗೆಸಿದ್ದೇ ತಪ್ಪಾಯಿತೇನೋ ಎಂದುಕೊಂಡಳು ಮುದುಕಿ. ಚಿತ್ರದವನಿಗೆ ನುಣ್ಣನೆಯ ಕೆನ್ನೆ, ಹುರಿಮೀಸೆ, ದರ್ಬಾರಿನವರ ಹಾಗೆ ಎತ್ತಿದ ಗಲ್ಲ. ಅಣ್ಣನಿಗೋ ಮುಖದ ತುಂಬ ಸಿಡುಬಿನ ಕಲೆ, ಮೀಸೆ ಬಿಟ್ಟವನೇ ಅಲ್ಲ. ಬರೆದವನ ಮೇಲೆ ಅವಳಿಗೆ ಸಿಟ್ಟು ಬಂತು. ಹೂಂ ಅಂದುಬಿಟ್ಟರೆ ಹುಡುಗಿ ನೆಮ್ಮದಿಯಾಗಿ ಊರಿಗೆ ಬರುತ್ತಾಳೆ. ಅರವತ್ತು ದಾಟಿದ್ದರೂ ಮುದುಕಿಗೆ ಅವಳು ಹುಡುಗಿಯೇ. ಆದರೆ ಗುರುತಿಲ್ಲದ ಯಾರದೋ ಪಟದ ಮುಂದೆ ಎಡೆ ಇಟ್ಟರೆ ಅಣ್ಣ ಉಪವಾಸ ಹೋಗುವುದಿಲ್ಲವೇ?

"ಟೈಮಾಯ್ತು ಕಣಮ್ಮ," ಎಂದ ಮಹೇಶ್‌ಕುಮಾರ್.

ವಿಮಲಮ್ಮ ಫೋನು ಎತ್ತಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದಳು.

"ಮೊಕ ನಿಮ್ಮಪ್ಪಂದಲ್ಲ ಕಣವ್ವ."

ವಿಮಲಮ್ಮ ಕೈ ಬಿಡಿಸಿಕೊಳ್ಳಲು ನೋಡಿದಳು, ಮುದುಕಿ ಬಿಡಲಿಲ್ಲ. ಅವಳ ಕಣ್ಣು ಆ ಸುಳ್ಳು ಮುಖದಿಂದ ಕೆಳಗಿಳಿದು, ಮೊಣಕಾಲ ಮೇಲೆ ಊರಿದ್ದ ಬಲಗೈಗೆ ಬಂದು ನಿಂತಿತ್ತು. ತೋರುಬೆರಳು ಅರ್ಧಕ್ಕೇ ಮುಗಿದಿತ್ತು.

"ಕೈ ಅವ್ನ್ದೇಯ. ಆಲೆಮನೇಲಿ ಗಾಣಕ್ಕೆ ಸಿಕ್ಕಿ ಬೆರ್ಳು ಓಗಿತ್ತು. ಬಟ್ಟೆ ಸುತ್ದೋಳು ನಾನೇ."

ವಿಮಲಮ್ಮ ಆ ಚೆಂದದ ಮುಖವನ್ನು ಬಿಡಲಾರದೆ ಇನ್ನಷ್ಟು ಹೊತ್ತು ನೋಡಿದಳು. ಮಹೇಶ್‌ಕುಮಾರ್ ಗಡಿಯಾರ ನೋಡುವುದನ್ನು ಬಿಟ್ಟಿದ್ದ. ಕಡೆಗೆ ಅವಳು ಮಂಡಿಯೂರಿ, ಫೋನು ತಗ್ಗಿಸಿ, ಮುಖ ಬಾರದ ಹಾಗೆ ಹಿಡಿದು ಒತ್ತಿದಳು. ಪರದೆಯ ತುಂಬ ಬಲಗೈ ಬಂತು, ನಾಲ್ಕೂವರೆ ಬೆರಳು, ಮುದ್ದೆ ಮುರಿಯಲು ಸಾಕಾಗುವಷ್ಟು.