ಅಂಥವರ್ಯಾರೂ ಇಲ್ಲಿಲ್ಲ

ಮಕ್ಬುಲಸಾಬರು ಮಗಳನ್ನು ನಮ್ಮ ಮನೆಗೆ ಬಿಡಲು ಬಂದಾಗ ಅವರ ಕೊರಳಲ್ಲಿ ಇಂಚು ಟೇಪು ಜೋತಾಡುತ್ತಿತ್ತು. ಕನಕಗಿರಿಯಲ್ಲಿ ಅವರದು ಹೊಲಿಗೆ ಅಂಗಡಿ. ಮಷಿನ್ ಬಿಟ್ಟು ಎದ್ದವರು ನೇರ ಬಸ್ಸು ಹತ್ತಿದ್ದರೇನೋ, ಟೇಪು ತೆಗೆದಿಡುವುದು ಮರೆತಿತ್ತು. ಅದೂ ಒಳ್ಳೆಯದೇ ಆಯಿತು. ಬಂದವರು ಮೊದಲು ಕಿಟಕಿಯ ಸರಳು ಹಿಡಿದು ಅಲುಗಾಡಿಸಿದರು, ಬಾಗಿಲ ಚಿಲಕ ಎರಡು ಸಲ ಹಾಕಿ ತೆಗೆದರು, ಆಮೇಲೆ ಪರದೆಗೆಂದು ಕಿಟಕಿಯ ಅಳತೆ ತೆಗೆದು ಟೇಪನ್ನು ಗೋಡೆಯ ಗೂಟಕ್ಕೆ ಹಾಕಿದರು.

ಅದು ಎರಡು ಸಾವಿರದ ಎಂಟನೆಯ ಇಸವಿಯ ಜುಲೈ ತಿಂಗಳು. ಗಂಗಾವತಿಯಲ್ಲಿ ಅಕ್ಕಿ ಮಿಲ್ಲುಗಳ ಹಿಂದಿನ ಓಣಿಯಲ್ಲಿ ನನ್ನ ಮನೆ. ಮುಂದಿನ ಎರಡು ಕೋಣೆ ಕಾಲೇಜು ಹುಡುಗಿಯರಿಗೆ ಬಾಡಿಗೆ, ಹಿಂದಿನ ಅಡಿಗೆಮನೆ ನನಗೆ. ಅಲ್ಲಿ ಕುಳಿತು ಬಸ್‌ಸ್ಟ್ಯಾಂಡಿನ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದೆ. ಆ ವರ್ಷ ಬಂದವರು ಇಬ್ಬರು: ಕಾರಟಗಿಯ ದೀಪಿಕಾ, ಮಕ್ಬುಲಸಾಬರ ಮಗಳು ಶಬೀನಾ. ಇಬ್ಬರದೂ ಕಂಪ್ಯೂಟರ್ ಡಿಗ್ರಿಯ ಕೊನೆಯ ವರ್ಷ.

"ಅಕ್ಕಾರ," ಅಂದರು ಮಕ್ಬುಲಸಾಬರು, "ಯಾವನರ ಗಂಡಸು ಬಂದು ನಮ್ಮ ಹುಡುಗಿ ಹೆಸರು ಹಿಡದು ಕೇಳಿದ್ರ, ಅಂಥವರ್ಯಾರೂ ಇಲ್ಲಿಲ್ಲ ಅಂದುಬಿಡ್ರಿ. ಅವ ಎಂಥಾವನರ ಇರ್ಲಿ."

"ನೀವು ಹೇಳೂದ ಬ್ಯಾಡ್ರಿ. ಇಬ್ಬರ ಹೆಸರೂ ನನ್ನ ಬಾಯಿಂದ ಹೊರಗ ಬರೂದಿಲ್ಲ."

"ಇನ್ನೊಂದು ಐತ್ರಿ. ಮನ್ಯಾಗ ಫೋನ್ ಆಗ್ಬೇಕು. ಮೊಬೈಲ್ ನಾ ಕೊಡಸಂಗಿಲ್ಲ. ಅದ್ರಾಗ ಎಲ್ಲಿ ನಿಂತು ಮಾತಾಡ್ತಾರೋ ಯಾರಿಗಿ ಗೊತ್ತು? ಮನಿ ಫೋನ್ ಎತ್ತಿದ್ಲಂದ್ರ ಮಗಳು ಮನ್ಯಾಗ ಅದಾಳ ಅಂತ ಖಾತ್ರಿ. ರಂಜಾನ್ ಹಬ್ಬಕ್ಕ ಕರಕೊಂಡು ಹೋಗಾಕ ಬರ್ತೀನಿ. ಅಷ್ಟರಾಗ ಫೋನ್ ಆಗಿರ್ಬೇಕು. ಆಗಿರ್ಲಿಲ್ಲ ಅಂದ್ರ ಕಾಲೇಜು ಸಾಕು, ಬಂದು ನನ್ನ ಕೂಡ ಮಷಿನ್ ತುಳೀಲಿ."

ಶಬೀನಾ ಟ್ರಂಕಿನ ಮೇಲೆ ಕೈಯಿಟ್ಟು ನಿಂತಿದ್ದಳು, ಕಣ್ಣೆತ್ತಲಿಲ್ಲ. ದೀಪಿಕಾಳೇ ಮುಂದೆ ಬಂದಳು.

"ಕಾಕಾ, ಫೋನ್ ಜೋಡಿ ಇಂಟರ್ನೆಟ್ಟೂ ಹಾಕಸ್ತೀವ್ರಿ. ನಮ್ಮಣ್ಣಂದು ಹಳೇ ಕಂಪ್ಯೂಟರ್ ಐತಿ. ಕೆಫೆಗಿ ಹೋಗೂದ ತಪ್ಪತೈತಿ."

ಕೆಫೆ ಎಂದಕೂಡಲೇ ಮಕ್ಬುಲಸಾಬರ ಹುಬ್ಬು ಗಂಟಾಯಿತು. ಪರದೆ ಕಟ್ಟಿದ ಗೂಡಿನಂಥ ಜಾಗಗಳಲ್ಲಿ ಹುಡುಗರು ಕೂತಿರುವ ಅಂಗಡಿ ಅದು. "ಹಾಕಸ್ರಿ, ಅದೂ ಆಗ್ಲಿ," ಅಂದವರು ಬಸ್ಸಿನ ಹೊತ್ತಾಯಿತೆಂದು ಎದ್ದೇಬಿಟ್ಟರು. ಟೇಪು ಗೂಟದಲ್ಲೇ ಉಳಿಯಿತು. ಹದಿನೈದು ದಿನಕ್ಕೆ ಕಂಡಕ್ಟರ್ ಕೈಲಿ ಪರದೆ ಬಂತು, ಅಳತೆ ಒಂದು ಬೆರಳೂ ಆಚೀಚೆ ಇರಲಿಲ್ಲ.

ಶಬೀನಾ ತನ್ನ ಹೆಸರಿನಲ್ಲೇ ಟೆಲಿಫೋನ್ ಆಫೀಸಿಗೆ ಅರ್ಜಿ ಕೊಟ್ಟಳು. ಕಾರಟಗಿಯಿಂದ ಕಂಪ್ಯೂಟರ್ ಬಂತು. ಮಿಲ್ಲಿನ ಕರಿಬೂದಿ ಬೀಳದಿರಲೆಂದು ನನ್ನ ಒಂದು ಹಳೆಯ ಸೀರೆ ಹೊದಿಸಿ ಮೂಲೆಗಿಟ್ಟೆವು. ಫೋನ್ ಮಾತ್ರ ಬರಲಿಲ್ಲ. ಪ್ರತಿ ಶುಕ್ರವಾರ ಮಕ್ಬುಲಸಾಬರು ಓಣಿಯ ತುದಿಯ ವೆಂಕೋಬನ ಕಿರಾಣಿ ಅಂಗಡಿಗೆ ಫೋನ್ ಮಾಡುವರು. ಎಣ್ಣೆ ಡಬ್ಬಿಗಳಿಗೂ ಬೀಡಿ ಸೇದುವವರಿಗೂ ನಡುವೆ ನಿಂತು ಶಬೀನಾ "ಹೂಂ ಅಬ್ಬಾ, ಹೂಂ" ಎನ್ನುವಳು. ಅದರ ಮೇಲೆ ಒಂದು ಮಾತಿಲ್ಲ. ಅಷ್ಟು ಜನರೆದುರು ಏನು ಮಾತಾಡಿಯಾಳು? ಮನೆಗೆ ಬಂದು ಪುಸ್ತಕ ತೆರೆದರೆ ಒಂದೇ ಪುಟ ಬಹಳ ಹೊತ್ತು ಹಾಗೇ ಇರುತ್ತಿತ್ತು.

ನಾನು ನನ್ನ ಮಾತು ಉಳಿಸಿಕೊಂಡಿದ್ದೆ. ಆಗಸ್ಟಿನಲ್ಲಿ ಒಂದು ದಿನ, ಹುಡುಗಿಯರು ಕಾಲೇಜಿಗೆ ಹೋದ ಹೊತ್ತಿನಲ್ಲಿ, ಬಗಲಲ್ಲಿ ಚೀಲ ಹಾಕಿಕೊಂಡ ಒಬ್ಬ ಗಂಡಸು ಬಾಗಿಲಿಗೆ ಬಂದ. ವಯಸ್ಸು ಐವತ್ತರ ಹತ್ತಿರ.

"ಶಬೀನಾ ಅನ್ನೋರು ಇಲ್ಲೇ ಇರ್ತಾರೇನ್ರಿ?"

ಹಿಟ್ಟಿನ ಕೈಯಲ್ಲೇ ಎದ್ದು ಹೋಗಿದ್ದೆ. ಹೊಸ್ತಿಲ ಬಳಿ ಶಬೀನಾಳ ಹವಾಯಿ ಚಪ್ಪಲಿ ಬಿದ್ದಿತ್ತು. ಅದನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿಸಿದೆ.

"ಅಂಥವರ್ಯಾರೂ ಇಲ್ಲಿಲ್ಲ."

"ಅಲ್ರೀ, ವಿಳಾಸ ಇದ ಐತಲ್ರಿ..."

"ಇದ್ದೀತು. ಈ ಮನ್ಯಾಗ ನಾನೊಬ್ಬಾಕಿನ ಮುದುಕಿ. ನಡಿ."

ಸೆಪ್ಟೆಂಬರಿನಲ್ಲಿ ಅವನೇ ಮತ್ತೆ ಬಂದ. ಈ ವಯಸ್ಸಿಗೂ ನಾಚಿಕೆಯಿಲ್ಲವಲ್ಲ ಇವನಿಗೆ ಅನಿಸಿತು. ಅವನು "ಅಮ್ಮಾರ, ನಾ ಹೇಳೂದರ..." ಎನ್ನುವಷ್ಟರಲ್ಲಿ ಬಾಗಿಲು ಹಾಕಿ ಚಿಲಕ ಏರಿಸಿದೆ. ಎದುರು ಮನೆಯ ಮುದಕಮ್ಮನಿಗೂ ಹೇಳಿಟ್ಟೆ, ಇಂಥವನು ಬಂದರೆ ಏನು ಹೇಳಬೇಕೆಂದು. ಹುಡುಗಿಯರಿಗೆ ಹೇಳಲಿಲ್ಲ. ಸುಮ್ಮನೆ ಯಾಕೆ ಹೆದರಿಸುವುದು?

ಹುಡುಗಿಯರು ಟೆಲಿಫೋನ್ ಆಫೀಸಿಗೆ ಹೋಗಿ ಕೇಳಿದಾಗ "ವಿಳಾಸ ಸಿಗಲಿಲ್ಲ" ಎಂದರಂತೆ. ದೀಪಿಕಾ ವಿಳಾಸವನ್ನು ಇನ್ನಷ್ಟು ಬಿಡಿಸಿ ಬರೆದುಕೊಟ್ಟಳು: ಮಿಲ್ಲಿನ ಹಿಂದೆ, ಬೋರಿಂಗಿನ ಎದುರು, ಬೇವಿನ ಗಿಡದ ಮನೆ. ಅದಕ್ಕೂ ಅದೇ ಉತ್ತರ ಬಂತು. ರಂಜಾನ್ ರೋಜಾ ಶುರುವಾಗಿ ಅರ್ಧ ತಿಂಗಳ ಮೇಲಾಗಿತ್ತು. ಹಬ್ಬಕ್ಕೆ ಎಂಟು ದಿನ ಉಳಿದಾಗ ನನಗೇ ಸಿಟ್ಟು ಬಂತು.

"ನಡೀರಿ, ನಾ ಬರ್ತೀನಿ. ಇಷ್ಟು ದೊಡ್ಡ ಮನಿ ಅವರ ಕಣ್ಣಿಗಿ ಹೆಂಗ ಬೀಳಲಿಲ್ಲ, ಕೇಳೇಬಿಡ್ತೀನಿ."

ಟೆಲಿಫೋನ್ ಆಫೀಸಿನ ಮೇಜಿನ ಹಿಂದೆ ದುರ್ಗಾದೇವಿ ಎಂಬ ಹೆಣ್ಣುಮಗಳು ಕೂತಿದ್ದಳು. ನಾನು ದನಿ ಎತ್ತರಿಸಿ ಕೇಳಿದ್ದಕ್ಕೆ ಅವಳು ದನಿ ಎತ್ತರಿಸಲಿಲ್ಲ. ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿದಳು.

"ನೀವಽ ಓದ್ರಿ ಅಮ್ಮಾರ. ಎರಡ ಸಲ ಮನುಷ್ಯಾನ್ನ ಕಳಿಸೇವಿ."

ರಾತ್ರಿ ಸಾಲಿಯಲ್ಲಿ ಕಲಿತ ಓದು ನನ್ನದು. ಬೆರಳಿಟ್ಟು, ಒಂದೊಂದೇ ಮಾತು ದಾಟಬೇಕು. ಆ ಹಾಳೆಯಲ್ಲಿ ಹೀಗಿತ್ತು: "ಎರಡು ಬಾರಿ ಸ್ಥಳಕ್ಕೆ ಭೇಟಿ ನೀಡಲಾಗಿ, ಸದರಿ ಹೆಸರಿನವರು ಇಲ್ಲಿ ವಾಸವಿರುವುದಿಲ್ಲವೆಂದು ಮನೆಯಲ್ಲಿದ್ದ ವೃದ್ಧೆಯು ತಿಳಿಸಿ, ಬಾಗಿಲು ಹಾಕಿಕೊಂಡಿರುತ್ತಾಳೆ."

'ವೃದ್ಧೆ'ಯ ಮೇಲೆ ಬೆರಳು ನಿಂತಿತು. ಅಲ್ಲಿಂದ ಮುಂದೆ ಹೋಗಲು ಹೊತ್ತು ಹಿಡಿಯಿತು.

ಹುಡುಗಿಯರು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. "ಬಿಡ್ರಿ ಅಜ್ಜಿ," ಅಂದಳು ಶಬೀನಾ ಅಲ್ಲಿಂದಲೇ. "ಯಾರ ಕೂಡಾನೂ ಜಗಳ ಬ್ಯಾಡ. ನಮ್ಮ ನಸೀಬಿನಾಗ ಇಲ್ಲ ಅಷ್ಟ." ರೋಜಾದಿಂದ ಅವಳ ತುಟಿ ಒಣಗಿತ್ತು. ಹಾಳೆ ತಿರುಗಿಸಿ ಕೊಟ್ಟು ಸುಮ್ಮನೆ ಎದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ನಸೀಬಿನ ಮೇಲೆ ಹಾಕುತ್ತಿದ್ದುದು ನನ್ನ ಕೆಲಸವಾಗಿತ್ತು.

"ನಸೀಬಲ್ಲಬೇ," ಅಂದೆ. "ಇದ್ರಾಗಿನ ಮುದುಕಿ ನಾನ."

ನಡೆದದ್ದನ್ನೆಲ್ಲ ಹೇಳಿದೆ, ಚಪ್ಪಲಿ ಸರಿಸಿದ್ದನ್ನೂ. ಮೊದಲು ನಕ್ಕವಳು ದೀಪಿಕಾ.

"ಅಜ್ಜಿ! ಮಿಲ್ಲು ಬರದ್ವಿ, ಬೋರಿಂಗ್ ಬರದ್ವಿ, ಬೇವಿನ ಗಿಡ ಬರದ್ವಿ. ಬಾಗಲಾಗ ನೀ ಕುಂತೀದಿ ಅಂತ ಬರೀಲಿಲ್ಲ ನೋಡು!"

ಶಬೀನಾ ನಗಲಿಲ್ಲ. "ಎರಡು ತಿಂಗಳು, ಅಜ್ಜಿ," ಅಂದಳು. ಅಷ್ಟೇ ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ದುರ್ಗಾದೇವಿಯ ಕಡೆ ತಿರುಗಿದೆ. "ತಂಗೆವ್ವ, ಈಗ ಏನ ಮಾಡೂದು ಹೇಳು. ಹಬ್ಬ ಎಂಟ ದಿನ ಐತಿ. ಅಷ್ಟರಾಗ ಫೋನ್ ಬರಲಿಲ್ಲ ಅಂದ್ರ ಈ ಹುಡುಗಿ ಓದು ನಿಲ್ಲತೈತಿ."

"ಹಳೇ ಅರ್ಜಿ ಮುಗೀತ್ರಿ. ಬಾಡಿಗಿ ಇದ್ದೋರು ಹೊಸಾದು ಕೊಟ್ರ ಮತ್ತ ವಿಚಾರಣಿ ಆಗ್ಬೇಕು. ತಿಂಗಳ ಹಿಡೀತೈತಿ. ಮನಿ ಮಾಲಕರು ತಮ್ಮ ಹೆಸರಿಲೆ ಕೊಟ್ರ ಮಾತು ಬ್ಯಾರೆ. ಮನಿಪಟ್ಟಿ ತೆರಿಗಿ ಕಟ್ಟಿದ ರಸೀದಿ ಇದ್ರ ಸಾಕು."

"ಹಂಗಾದ್ರ ನನ್ನ ಹೆಸರಿಲೆ ಬರಕೋ. ಮಾರೆವ್ವ. ಯಾವ ಗಂಡಸು ಬಂದು ಮಾರೆವ್ವ ಅದಾಳೇನು ಅಂದ್ರೂ ಅದಾಳ ಅಂತೀನಿ."

ಆಗ ದುರ್ಗಾದೇವಿ ನಕ್ಕಳು. ಒಳಗಿನ ಕೋಣೆಯತ್ತ ಕೂಗಿದಳು: "ಹಂಪಣ್ಣಾ, ಬಾ ಇಲ್ಲಿ. ನಿನ್ನ ಮುಖದ ಮ್ಯಾಲ ಬಾಗಲಾ ಹಾಕಿದ ಅಮ್ಮಾರು ಬಂದಾರ!"

ಅವನೇ. ಅದೇ ಚೀಲ. ಟೆಲಿಫೋನಿನ ಲೈನ್‌ಮನ್ ಅಂತೆ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

"ಇಪ್ಪತ್ತು ವರ್ಷದ ಸರ್ವೀಸ್ರಿ ನಂದು. ನಾಯಿ ಬೆನ್ನ ಹತ್ಯಾವು, ಕಂಬದ ಮ್ಯಾಲ ಜೇನು ಎದ್ದಾವು. ನಿಮ್ಮಷ್ಟು ಯಾರೂ ಹೆದರಿಸಿಲ್ಲ ಬಿಡ್ರಿ."

"ಫೋನಿನವ ಅಂತ ಮೊದಲ ಹೇಳಬಾರದೇನಪಾ?"

"ಹೇಳಾಕ ಎಲ್ಲಿ ಬಿಟ್ರಿ?"

ದೀಪಿಕಾ ಆಟೋದಲ್ಲಿ ಹೋಗಿ ರಸೀದಿ ತಂದಳು. ಅರ್ಜಿಯ ಕೊನೆಗೆ ನಾನು ಸಹಿ ಹಾಕಿದೆ.

ಐದನೆಯ ದಿನ ಮಧ್ಯಾಹ್ನ ಹಂಪಣ್ಣ ಸೈಕಲ್ಲಿಗೆ ಏಣಿ ಕಟ್ಟಿಕೊಂಡು, ಹೆಗಲಿಗೆ ವೈರಿನ ಸುತ್ತು ಹಾಕಿಕೊಂಡು ಬಂದ. ಕಟ್ಟೆ ಹತ್ತಲಿಲ್ಲ. ಓಣಿಯ ನಡುವೆಯೇ ನಿಂತು ಗಟ್ಟಿಯಾಗಿ ಕೇಳಿದ: "ಮಾರೆವ್ವ ಅನ್ನೋರು ಅದಾರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯಿಂದ ಮುದಕಮ್ಮನ ದನಿ ಬಂತು: "ಅಂಥವರ್ಯಾರೂ ಇಲ್ಲಿಲ್ಲ! ಹೋಗ್ತೀಯೋ ಕಸಬರಗಿ ತರ್ಲೋ!"

ಹುಡುಗಿಯರು ಗೋಡೆಗೆ ಒರಗಿ ನಕ್ಕರು. ಶಬೀನಾಳೂ ನಕ್ಕಳು. ಅವಳ ನಗು ಕೇಳಿ ಎಷ್ಟೋ ದಿನವಾಗಿತ್ತು.

ಕಂಬದಿಂದ ಬೇವಿನ ಕೊಂಬೆ ತಪ್ಪಿಸಿ, ಕಿಟಕಿಯ ಮೂಲೆಯಿಂದ ವೈರು ಒಳಗೆ ಬಂತು. ಕಿಟಕಿಯಿಂದ ಕಂಪ್ಯೂಟರ್ ತನಕ ಅಳೆಯಲು ಹಂಪಣ್ಣ ಗೂಟದ ಮೇಲಿನ ಟೇಪಿಗೆ ಕೈ ಹಾಕಿದ. "ಅಳದು ಅಲ್ಲೇ ಹಾಕಪಾ," ಅಂದೆ. "ಅದು ಈಕಿ ಅಪ್ಪಂದು. ಮರತು ಹೋಗ್ಯಾರ."

ಒಂದೇ ವೈರಿನಲ್ಲಿ ಮಾತೂ ಬರುತ್ತದೆ, ಇಂಟರ್ನೆಟ್ಟೂ ಬರುತ್ತದೆ ಅಂದ ಅವನು. ಬೆಂಕಿಪೆಟ್ಟಿಗೆಯಂಥದೊಂದು ಡಬ್ಬಿ ಹಾಕಿ, ಒಂದು ತುದಿ ಫೋನಿಗೆ, ಇನ್ನೊಂದು ತುದಿ ದೀಪಗಳಿರುವ ಪೆಟ್ಟಿಗೆಗೆ ಕೊಟ್ಟ.

"ಎರಡೂ ಕಲಸೂದಿಲ್ಲೇನು?"

"ಈ ಡಬ್ಬಿ ಅದನ್ನ ಬ್ಯಾರೆ ಮಾಡತೈತ್ರಿ. ನಿಮ್ಮ ಮಿಲ್ಲಿನಾಗ ಅಕ್ಕಿ ಒಂದು ಕಡೆ, ತೌಡು ಒಂದು ಕಡೆ ಬೀಳಂಗಿಲ್ಲೇನು? ಹಂಗ. ಫೋನ್ ಬರೂದು ಈಗಿಂದ ನಡೀತೈತಿ, ಇಲ್ಲಿಂದ ಹೊರಗ ಮಾಡೂದು ನಾಳೆಯಿಂದ. ಇಂಟರ್ನೆಟ್ಟಿಗಿ ಈ ಹಸರು ದೀಪ ಮಿಣಕೂದು ಬಿಟ್ಟು ನಿಂದರ್ಬೇಕು. ಒಂದೆರಡು ತಾಸು ಹಿಡದೀತು."

ರೊಟ್ಟಿ ತಿಂದು, ಇನ್ನೆರಡು ಕಟ್ಟಿಸಿಕೊಂಡು ಹೋದ. ಹುಡುಗಿಯರು ಹೊಸ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ವೆಂಕೋಬನ ಅಂಗಡಿಗೆ ಓಡಿದರು. ಕನಕಗಿರಿಯಲ್ಲಿ ಮಕ್ಬುಲಸಾಬರ ಪಕ್ಕದ ಸೈಕಲ್ ಅಂಗಡಿಗೆ ಫೋನ್ ಮಾಡಿ ನಂಬರ್ ಹೇಳಿಬರಬೇಕಿತ್ತು.

ಅವರು ಇನ್ನೂ ತಿರುಗಿ ಬಂದಿರಲಿಲ್ಲ, ಫೋನು ಹೊಡೆದುಕೊಂಡಿತು. ಖಾಲಿ ಕೋಣೆಯಲ್ಲಿ ಅದರ ಸದ್ದು ದೊಡ್ಡದಾಗಿತ್ತು. ಕೈ ಒರೆಸಿಕೊಂಡು ಎತ್ತಿದೆ. ಕರಕರ ಸದ್ದಿನ ನಡುವೆ ಒಂದು ಗಂಡಸಿನ ದನಿ.

"ಶಬೀನಾ ಅದಾಳೇನ್ರಿ?"

"ಅಂಥವರ್ಯಾರೂ ಇಲ್ಲಿಲ್ಲ," ಅಂದು ಇಟ್ಟೆ. ಫೋನ್ ಬಂದು ಎರಡು ತಾಸಾಗಿಲ್ಲ, ಆಗಲೇ ಶುರುವಾಯಿತಲ್ಲ ಅಂದುಕೊಂಡೆ.

ಹುಡುಗಿಯರು ಏದುಸಿರು ಬಿಡುತ್ತ ಬಂದರು. "ಅಬ್ಬಾ ನಮಾಜಿಗಿ ಹೋಗ್ಯಾರಂತ. ಬಂದ ಕೂಡ್ಲೇ ನಂಬರ್ ಕೊಡ್ತೀನಿ ಅಂದಾರ," ಅಂದಳು ಶಬೀನಾ. "ಯಾರರ ಮಾಡಿದ್ರೇನ್ರಿ ಅಜ್ಜಿ?"

"ಮಾಡಿದ್ದ ಒಬ್ಬ. ನಿನ್ನ ಹೆಸರು ಹಿಡದು ಕೇಳಿದ. ಇಲ್ಲ ಅಂದೆ."

ಶಬೀನಾ ಟ್ರಂಕಿನ ಮೇಲೆ ಕುಸಿದು ಕೂತಳು. "ಅಬ್ಬಾನ ಅವರು! ಮೊದಲನೇ ಸಲ ಮಾಡಿದ್ರು, ಮಗಳ ಇಲ್ಲ ಅಂದ್ರ... ನಾಳೆ ಮೊದಲ ಬಸ್ಸಿಗಿ ಬರ್ತಾರ ನೋಡ್ರಿ. ಟ್ರಂಕ್ ಕಟ್ಟಬೇಕು ನಾನು."

ಫೋನು ಮತ್ತೆ ಹೊಡೆದುಕೊಂಡಿತು. ಅವಳು ಎದ್ದಳು, ಆದರೆ ನಾನೇ ಎತ್ತಿದೆ. ಮಾತು ಕೊಟ್ಟವಳು ನಾನು.

"ಅಕ್ಕಾರ, ಇಡಬ್ಯಾಡ್ರಿ! ನಾ ಮಕ್ಬುಲಸಾಬ, ಕನಕಗಿರಿಯಿಂದ."

ದನಿ ಅವರದೇ ಅನ್ನಿಸಿತು. ಅನ್ನಿಸಿದರೆ ಸಾಕೆ? ಹೆಸರು ಯಾರು ಬೇಕಾದರೂ ಹೇಳಬಹುದು.

"ಮಕ್ಬುಲಸಾಬರಾದ್ರ ಹೇಳ್ರಿ. ಮಗಳನ್ನ ಬಿಡಾಕ ಬಂದ ದಿನ ನಮ್ಮ ಮನ್ಯಾಗ ಏನ ಮರತು ಹೋಗೀರಿ?"

ದೀಪಿಕಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಶಬೀನಾ ನನ್ನ ಸೆರಗು ಹಿಡಿದಿದ್ದಳು.

"ಟೇಪು," ಅಂತು ಆ ದನಿ ಮೆಲ್ಲಗೆ. "ಇಂಚು ಟೇಪು. ಕಿಟಕಿ ಬಾಜೂಕ ಗೂಟಕ್ಕ ಹಾಕಿದ್ದೆ. ಅಂಗಡಿ ತುಂಬ ಹುಡಿಕೀನಿ ಅಕ್ಕಾರ ಅದನ್ನ."

"ಹಂಗಾದ್ರ ಅದಾಳ್ರಿ," ಅಂದೆ. "ಕೊಡ್ತೀನಿ."

ಶಬೀನಾ ಫೋನು ಹಿಡಿದು ಗೋಡೆಗೊರಗಿ ನೆಲಕ್ಕೆ ಕೂತಳು. ವೆಂಕೋಬನ ಅಂಗಡಿಯ ಹೂಂ ಹೂಂ ಇರಲಿಲ್ಲ. ಪರೀಕ್ಷೆಯ ಮಾತು, ರೋಜಾದ ಮಾತು, ಕಾಗದದಲ್ಲಿ ಬರೆದಿದ್ದ ವೃದ್ಧೆಯ ಮಾತು, ಎಲ್ಲವನ್ನೂ ಹೇಳಿದಳು. ಆ ಕಡೆಯ ನಗು ನನಗೂ ಕೇಳಿಸಿತು. ಆಮೇಲೆ ನನಗೆ ಕೊಟ್ಟಳು.

"ನನಗೂ ಇಲ್ಲ ಅಂದ್ರಲ್ರಿ ಅಕ್ಕಾರ!"

"ಅವ ಎಂಥಾವನರ ಇರ್ಲಿ ಅಂತ ನೀವ ಹೇಳಿದ್ರಿ."

"ಹೇಳಿದ್ದೆ, ಹೌದು. ಹಬ್ಬ ಮುಗದ ಮೂರನೇ ದಿನಕ್ಕ ಆಕಿನ್ನ ನಾನ ತಂದು ಬಿಡ್ತೀನಿ. ವರ್ಷ ಮುಗಿಸ್ಲಿ."

"ಆವಾಗ ಟೇಪು ಒಯ್ರಿ."

"ಬ್ಯಾಡ್ರಿ, ಅಲ್ಲೇ ಇರ್ಲಿ. ನಾಳೆ ನೀವು ಮತ್ತ ಕೇಳಿದ್ರ ಏನ ಹೇಳ್ಲಿ?"

ಹೊತ್ತು ಇಳಿಯುತ್ತಿತ್ತು. ಶಬೀನಾ ರೋಜಾ ಬಿಡಲು ತಟ್ಟೆಯಲ್ಲಿ ಖರ್ಜೂರ ಇಡುತ್ತಿದ್ದಳು. ಆಗ ದೀಪಿಕಾ ಮೂಲೆಯಿಂದ ಕರೆದಳು. ಹಸಿರು ದೀಪ ಮಿಣುಕುವುದು ಬಿಟ್ಟು ನಿಂತಿತ್ತು. ಕಂಪ್ಯೂಟರ್ ಮೇಲಿನ ನನ್ನ ಹಳೆಯ ಸೀರೆ ತೆಗೆದು, ಬೂದಿ ಕೊಡವಿ, ನಾಲ್ಕು ಮಡಿಕೆ ಮಾಡಿ ಅವಳು ನನ್ನ ಕೈಗೆ ಕೊಟ್ಟಳು.